ವೀಲ್‌ಚೇರ್, ಪಥ್ಯ, ವ್ರತ: ಮುಂಬಯಿಯ ಉಡುಪಿ ಹೋಟೆಲಿನಿಂದ ಯಾರೂ ಉಣ್ಣದೆ ಹಿಂತಿರುಗದಿರಲು

ಮುಂಬಯಿಯ ಉಡುಪಿ ಹೋಟೆಲುಗಳಿಗೆ ಗಿರಾಕಿಯ ಪಥ್ಯ ಹೊಸದಲ್ಲ. ಬಟಾಟೆಯ ಬದಲು ಬಾಳೆಕಾಯಿ ಹಾಕಿದ ಜೈನ್ ಮಸಾಲೆ ದೋಸೆ, ಏಕಾದಶಿಯ ಸಾಬುದಾಣಾ ಖಿಚಡಿ, ಸಕ್ಕರೆ ಇಲ್ಲದ ಚಹಾ, ಇವೆಲ್ಲ ಮಾಟುಂಗದಿಂದ ಬೊರಿವಲಿಯವರೆಗೆ ದಿನನಿತ್ಯದ ಆರ್ಡರುಗಳು. ಆದರೆ ಗೋಧಿ ಆಗದ ಗಿರಾಕಿಯೊಬ್ಬರು "ಸಾಂಬಾರಿನಲ್ಲಿ ಗೋಧಿ ಇದೆಯಾ?" ಎಂದು ಕೇಳಿದರೆ ಸಪ್ಲೈಯರ್ ಥಟ್ಟನೆ "ಇಲ್ಲ ಸಾರ್" ಅಂದುಬಿಡುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಗೊತ್ತಿಲ್ಲ ಅಷ್ಟೆ. ಸ್ಟೋರಿಗೆ ಹೋಗಿ ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿಯಲ್ಲಿ ನಿಜವಾದ ಇಂಗು ಸ್ವಲ್ಪ. ಉಳಿದದ್ದು ಗೋಂದು ಮತ್ತು ಹಿಟ್ಟು, ಆ ಹಿಟ್ಟು ಬಹಳ ಕಡೆ ಮೈದಾ ಅಥವಾ ಗೋಧಿ. ಅದು ಸಾಂಬಾರಿಗೆ ಬೀಳುತ್ತದೆ, ಸಾರಿಗೆ ಬೀಳುತ್ತದೆ, ಚಟ್ನಿಯ ಒಗ್ಗರಣೆಗೂ ಬೀಳುತ್ತದೆ.

ಆದ್ದರಿಂದ ಮೊದಲ ಕೆಲಸ ರ‍್ಯಾಂಪೂ ಅಲ್ಲ, ಬ್ರೈಲ್ ಮೆನುವೂ ಅಲ್ಲ. ನಮ್ಮ ಅಡುಗೆಮನೆಯ ಯಾವ ಪಾತ್ರೆಯಲ್ಲಿ ಏನಿದೆ ಎಂಬುದನ್ನು ನಾವೇ ತಿಳಿದುಕೊಳ್ಳುವುದು. ಇದಕ್ಕೆ ಖರ್ಚಿಲ್ಲ, ಒಂದು ಮಧ್ಯಾಹ್ನ ಬೇಕು.

ಪಾತ್ರೆಯಲ್ಲಿ ಏನಿದೆ: ಪಟ್ಟಿ ಮಾಡುವ ಕ್ರಮ

ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುನ್ನ, ಮೂರರಿಂದ ಐದರ ಹೊತ್ತಿಗೆ, ಮುಖ್ಯ ಭಟ್ಟರು, ಸ್ಟೋರ್ ನೋಡುವವರು ಮತ್ತು ಆರ್ಡರ್ ತಗೊಳ್ಳುವ ಒಬ್ಬ ಕ್ಯಾಪ್ಟನ್ ಒಟ್ಟಿಗೆ ಕೂರಲಿ. ಮೆನು ಕಾರ್ಡಿನ ಕ್ರಮದಲ್ಲಲ್ಲ, ಮೂಲ ಸಾಮಗ್ರಿಯ ಕ್ರಮದಲ್ಲಿ ಹೋಗಿ: ಇಡ್ಲಿ ಹಿಟ್ಟು, ದೋಸೆ ಹಿಟ್ಟು, ಸಾಂಬಾರ್, ಸಾರು, ಬಿಳಿ ಚಟ್ನಿ, ಕೆಂಪು ಚಟ್ನಿ, ಬಟಾಟೆ ಪಲ್ಯ, ಪಂಜಾಬಿ ಗ್ರೇವಿಗಳು, ಕರಿಯುವ ಎಣ್ಣೆ. ಇವು ಹತ್ತೋ ಹನ್ನೆರಡೋ ಆಗಬಹುದು. ನೂರಿಪ್ಪತ್ತು ಐಟಮಿನ ಮೆನು ನಿಂತಿರುವುದು ಇವುಗಳ ಮೇಲೆಯೇ. ಒಂದೊಂದಕ್ಕೂ ಏನೇನು ಬೀಳುತ್ತದೆ ಎಂದು ಭಟ್ಟರು ಹೇಳಲಿ, ಪ್ಯಾಕೆಟ್ಟಿನಲ್ಲಿ ಬಂದ ವಸ್ತುವಾದರೆ ಪ್ಯಾಕೆಟ್ ತಂದು ಹಿಂಬದಿ ಓದಲಿ.

ಭಟ್ಟರಿಗೆ ಸಹಜವೆನಿಸಿ ಬಾಯಿಗೇ ಬಾರದ ಸಾಮಗ್ರಿಗಳಿರುತ್ತವೆ. ಅವನ್ನು ಕೆದಕಿ ಕೇಳಬೇಕು. ದೋಸೆ ಕೆಂಪಗೆ ಬರಲೆಂದು ಹಿಟ್ಟಿಗೆ ಸಕ್ಕರೆ, ಗರಿಗರಿಗೆ ಒಂದು ಹಿಡಿ ರವೆ ಅಥವಾ ಮೈದಾ ಸೇರುವುದುಂಟು. ನಮ್ಮ ಸಾಂಬಾರಿಗೆ ಬೆಲ್ಲ ಬೀಳುತ್ತದೆ. ಬಿಳಿ ಚಟ್ನಿಯಲ್ಲಿ ತೆಂಗಿನಕಾಯಿ ಕಡಿಮೆಯಾದ ದಿನ ಹುರಿಗಡಲೆ ಹೆಚ್ಚುತ್ತದೆ, ಕೆಲವು ಕಡೆ ನೆಲಗಡಲೆ. ಉಪ್ಪಿಟ್ಟು, ಶಿರಾ, ಪೊಂಗಲಿಗೆ ಗೇರುಬೀಜ ಹಾಕುತ್ತಾರೆ. ಪಂಜಾಬಿಯ ಬಿಳಿ ಗ್ರೇವಿ ಎಂದರೆ ಗೇರುಬೀಜದ ಪೇಸ್ಟೇ. ರವೆ ಇಡ್ಲಿಯಲ್ಲಿ ಮೊಸರು. ಚೈನೀಸ್ ವಿಭಾಗದ ಸೋಯಾ ಸಾಸಿನಲ್ಲಿ ಸೋಯಾ ಜೊತೆ ಗೋಧಿಯೂ ಇರುತ್ತದೆ. ಇಡ್ಲಿ ರವೆ ಅಕ್ಕಿಯದೇ, ಆದರೆ ಅದನ್ನು ಉಪ್ಪಿಟ್ಟಿನ ರವೆಯ ಡಬ್ಬಿಯ ಪಕ್ಕದಲ್ಲಿಟ್ಟು ಒಂದೇ ಸೇರಿನಲ್ಲಿ ಅಳೆದರೆ ಅದಕ್ಕೆ ಗೋಧಿ ತಗಲಿತು. ಚಕ್ಕಿಯಲ್ಲಿ ಬೀಸಿಸಿದ ಅಕ್ಕಿ ಹಿಟ್ಟಿನ ಕಥೆಯೂ ಅದೇ, ಮುಂಚಿನ ಗಿರಾಕಿಯ ಗೋಧಿ ಕಲ್ಲಿನಲ್ಲೇ ಉಳಿದಿರುತ್ತದೆ.

ಪಟ್ಟಿಯಲ್ಲಿ ಯಾವುದಕ್ಕೆ ಕಾಲಂ ಬೇಕು? ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ತನ್ನ 2020ರ ಲೇಬಲಿಂಗ್ ಮತ್ತು ಡಿಸ್‌ಪ್ಲೇ ನಿಯಮಗಳಲ್ಲಿ ಅಲರ್ಜಿಕಾರಕಗಳ ಎಂಟು ಗುಂಪು ಹೇಳಿದೆ: ಗ್ಲುಟೆನ್ ಎಂಬ ಪ್ರೋಟೀನ್ ಇರುವ ಗೋಧಿಯಂಥ ಧಾನ್ಯಗಳು, ಸಿಗಡಿ–ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ನೆಲಗಡಲೆ ಹಾಗೂ ಗೇರುಬೀಜ–ಬಾದಾಮಿಯಂಥ ಬೀಜಗಳು, ಸೋಯಾ, ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಎಂಬ ಸಂರಕ್ಷಕ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕೆಂಬ ನಿಯಮವೂ ಅಲ್ಲೇ ಇದೆ. ಒಂದೇ ಅಂಗಡಿಯವರಿಗೆ ಕ್ಯಾಲೊರಿಯ ತಲೆನೋವು ಬೇಡ. ಅಲರ್ಜಿಯ ಪಟ್ಟಿ ಮಾತ್ರ ಎಲ್ಲರಿಗೂ ಬೇಕು. ಶಾಕಾಹಾರಿ ಹೋಟೆಲಿಗೆ ಮೀನು, ಸಿಗಡಿ, ಮೊಟ್ಟೆಯ ಕಾಲಂ ಬಿಟ್ಟು ಅಲ್ಲಿ ಎಳ್ಳು, ನೀರುಳ್ಳಿ, ಬೆಳ್ಳುಳ್ಳಿ, ನೆಲದಡಿಯ ಗೆಡ್ಡೆ, ಸಕ್ಕರೆ–ಬೆಲ್ಲ ಸೇರಿಸಿಕೊಳ್ಳಿ. ಕೇಕಿನ ಕೌಂಟರ್ ಇದ್ದರೆ ಮೊಟ್ಟೆ ಬಿಡಬೇಡಿ.

ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ, ಒಂದು ಗಲ್ಲಾದಲ್ಲಿ, ಒಂದು ಅಡುಗೆಮನೆಯಲ್ಲಿ ತೂಗುಹಾಕಿ. ಹಿಂದೆ ಅಡುಗೆಮನೆಯ ಹುಡುಗರೆಲ್ಲ ಊರಿನವರು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಕಲಿತವರು. ಈಗ ಒಡಿಶಾ, ಜಾರ್ಖಂಡ್, ನೇಪಾಳದಿಂದ ಬಂದವರೇ ಹೆಚ್ಚು. ಹಾಗಾಗಿ ಹಿಂದಿಯಲ್ಲಿ ಬರೆದು, ಪಕ್ಕದಲ್ಲಿ ಗೋಧಿ ತೆನೆ, ಹಾಲಿನ ಲೋಟ, ಕಡಲೆಕಾಯಿಯ ಚಿತ್ರ ಹಾಕಿಸಿ. ಬ್ರ್ಯಾಂಡ್ ಬದಲಾದ ದಿನವೇ ಹಾಳೆ ತಿದ್ದಬೇಕು. ಇಂಗು ಮುಗಿಯಿತೆಂದು ಪಕ್ಕದ ಕಿರಾಣಿಯಿಂದ ಬೇರೆ ಡಬ್ಬಿ ತರಿಸಿದ ದಿನವೇ ಯಾರಿಗಾದರೂ ತೊಂದರೆಯಾಗುವುದು.

ಸಾದಾ ಸಾಂಬಾರಿನ ಒಂದು ಪಾತ್ರೆ

ಪಟ್ಟಿ ಮುಗಿದ ಮೇಲೆ ಒಂದು ಮಾತು ಕಣ್ಣಿಗೆ ಬೀಳುತ್ತದೆ. ಗೋಧಿ ಆಗದವರಿಗೆ ಇಂಗು ಬೇಡ. ಸ್ವಾಮಿನಾರಾಯಣ ಪಂಥದವರಿಗೆ ನೀರುಳ್ಳಿ, ಬೆಳ್ಳುಳ್ಳಿಯ ಜೊತೆ ಇಂಗೂ ಬೇಡ. ಜೈನರಿಗೆ ಗೆಡ್ಡೆ ಬೇಡ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಬೇಡ. ಹಾಲು ಆಗದವರಿಗೆ ತುಪ್ಪದ ಒಗ್ಗರಣೆ ಬೇಡ. ಇವರಿಗೆಲ್ಲ ಬೇರೆಬೇರೆ ಅಡುಗೆ ಮಾಡಹೊರಟರೆ ಯಾವ ಭಟ್ಟರೂ ಎರಡು ದಿನ ನಿಲ್ಲಲಿಕ್ಕಿಲ್ಲ. ಎಲ್ಲವನ್ನೂ ಬಿಟ್ಟ ಒಂದೇ ಸಾಂಬಾರ್ ಮಾಡಿದರೆ ಇವರೆಲ್ಲರ ತಟ್ಟೆಗೂ ಆಗುತ್ತದೆ.

5 ಲೀಟರಿಗೆ 600 ಗ್ರಾಂ ತೊಗರಿಬೇಳೆ, 1 ಕಿಲೋ ಸೋರೆಕಾಯಿ ಅಥವಾ ಬೂದುಗುಂಬಳ, 250 ಗ್ರಾಂ ಟೊಮೆಟೊ, 60 ಗ್ರಾಂ ಹುಣಸೆಹುಳಿ, ನಮ್ಮಲ್ಲೇ ಹುರಿದು ಪುಡಿ ಮಾಡಿದ 80 ಗ್ರಾಂ ಸಾಂಬಾರ್ ಪುಡಿ, 50 ಗ್ರಾಂ ಉಪ್ಪು. ಪುಡಿಗೆ ಕೊತ್ತಂಬರಿ, ಒಣಮೆಣಸು, ಮೆಂತೆ, ಉದ್ದಿನಬೇಳೆ, ಕಡಲೆಬೇಳೆ, ಜೀರಿಗೆ. ಇಂಗು ಹಾಕದೆ ಬೇರೆಯೇ ಡಬ್ಬಿಯಲ್ಲಿಡಿ. ಒಗ್ಗರಣೆ ಎಣ್ಣೆಯಲ್ಲಿ: ಸಾಸಿವೆ, ಒಣಮೆಣಸು, ಕರಿಬೇವು, ಒಂದು ಚಮಚ ಜೀರಿಗೆ. ಇಂಗಿಲ್ಲದ ಕೊರತೆಯನ್ನು ಜೀರಿಗೆ ಮತ್ತು ಚೆನ್ನಾಗಿ ಹುರಿದ ಕೊತ್ತಂಬರಿ ಮುಕ್ಕಾಲು ಪಾಲು ತುಂಬುತ್ತವೆ. ಬದನೆ ಹಾಕಬೇಡಿ, ಜೈನರಲ್ಲಿ ಅನೇಕರು ತಿನ್ನುವುದಿಲ್ಲ. 150 ಮಿಲಿಲೀಟರ್ ವಾಟಿಯ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು ಜನರಿಗಾಯಿತು. ಉಳಿದರೆ ಸಂಜೆ ಮಾಮೂಲಿ ಸಾಂಬಾರಿಗೆ ಸೇರಿಸಿದರಾಯಿತು, ನಷ್ಟವಿಲ್ಲ. ಆದರೆ ಮಾಮೂಲಿಯದನ್ನು ಇದಕ್ಕೆ ಎಂದೂ ಸುರಿಯಬಾರದು.

ಈ ಪಾತ್ರೆಗೆ ಬೇರೆ ಸೌಟು, ಸೌಟಿನ ಹಿಡಿಗೆ ಹಸಿರು ಟೇಪು. ಪಾತ್ರೆಗಳನ್ನು ಬಿಸಿನೀರಿನಲ್ಲಿ ಬೆಚ್ಚಗಿಡುವ ಬೈನ್‌ಮೇರಿಯಲ್ಲಿ ಮಾಮೂಲಿ ಸಾಂಬಾರಿನ ಪಕ್ಕದಲ್ಲಿಡದೆ ಮೂಲೆಯಲ್ಲಿಡಿ. ಗದ್ದಲದ ಹೊತ್ತಿನಲ್ಲಿ ಕೈಗೆ ಸಿಕ್ಕ ಸೌಟು ಎರಡೂ ಪಾತ್ರೆಗೆ ಮುಳುಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಚಾತುರ್ಮಾಸ್ಯದಲ್ಲಿ ವ್ರತದ ಅಡುಗೆಯ ಪಾತ್ರೆಗೆ ಬೇರೆ ಸೌಟು ತಾಗಿಸದ ಶಿಸ್ತು ನಮ್ಮ ಭಟ್ಟರಿಗೆ ಗೊತ್ತಿರುವುದೇ. ಅಲರ್ಜಿಗೂ ಅದೇ ಶಿಸ್ತು ಎಂದು ಹೇಳಿದರೆ ಅರ್ಧ ತರಬೇತಿ ಅಲ್ಲಿಗೇ ಮುಗಿಯಿತು.

ಅಲರ್ಜಿ, ವ್ರತ, ಇಷ್ಟ: ಮೂರನ್ನೂ ಬೇರೆಬೇರೆ ಬರೆಯಿರಿ

ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಲ್ಲಿ, ಅಂದರೆ ಕೆಒಟಿಯಲ್ಲಿ, "ನೋ ಆನಿಯನ್" ಎಂದು ಮಾತ್ರ ಬರೆದರೆ ಅಡುಗೆಮನೆಗೆ ಏನೂ ಗೊತ್ತಾಗುವುದಿಲ್ಲ. ನೀರುಳ್ಳಿ ಸೇರದವರೋ, ಜೈನರೋ, ತಿಂದರೆ ಮೈಯೆಲ್ಲ ದದ್ದು ಏಳುವವರೋ? ಇಷ್ಟವಿಲ್ಲದವರಿಗೆ ಮೇಲೆ ಉದುರಿಸಿದ್ದನ್ನು ತೆಗೆದರೆ ಸಾಕು. ವ್ರತದವರಿಗೆ ಅಡುಗೆಯಲ್ಲೇ ಇರಬಾರದು. ಅಲರ್ಜಿಯವರಿಗೆ ಅಡುಗೆಯಲ್ಲೂ ಇರಬಾರದು, ಕೈ, ಕಾವಲಿ, ಎಣ್ಣೆ, ಬಟ್ಟೆ ಯಾವುದರಿಂದಲೂ ತಗಲಬಾರದು. ಅದಕ್ಕೇ ಕ್ಯಾಪ್ಟನ್ ಒಂದೇ ಪ್ರಶ್ನೆ ಕೇಳಬೇಕು: "ಅಲರ್ಜಿನಾ ಸಾರ್, ವ್ರತವಾ?" ಅಲರ್ಜಿ ಎಂದರೆ ಕೆಒಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು, ಸ್ವತಃ ಹೋಗಿ ಬಾಯಲ್ಲೂ ಹೇಳಬೇಕು: "ಭಟ್ರೇ, ನಾಲ್ಕನೇ ಟೇಬಲ್, ಗೋಧಿ ಅಲರ್ಜಿ, ಸಣ್ಣ ಕಾವಲಿ." ಭಟ್ಟರು ಅದನ್ನೇ ತಿರುಗಿ ಹೇಳಬೇಕು. ತಟ್ಟೆಯನ್ನು ಆರ್ಡರ್ ತಗೊಂಡವರೇ ಒಯ್ದು ಕೊಡಬೇಕು, ಬೇರೆಯವರ ಕೈಗೆ ದಾಟಿಸಬಾರದು.

ಅಡುಗೆಮನೆಯಲ್ಲಿ ಅಲರ್ಜಿ ಆರ್ಡರಿನ ಕ್ರಮ ಹೀಗೆ. ಮೊದಲು ಸೋಪು ಹಚ್ಚಿ ಕೈ ತೊಳೆಯುವುದು; ಹೆಗಲ ಮೇಲಿನ ಬಟ್ಟೆಗೆ ಒರೆಸಿದರೆ ಪ್ರಯೋಜನವಿಲ್ಲ. ಅಲರ್ಜಿ ಎಬ್ಬಿಸುವ ಪ್ರೋಟೀನು ಬಿಸಿಗೆ ಸುಟ್ಟು ಹೋಗುತ್ತದೆಂದು ನಂಬಬೇಡಿ, ಸೋಪು–ನೀರಿನಲ್ಲಿ ತೊಳೆದರೆ ಮಾತ್ರ ಹೋಗುತ್ತದೆ. ದೊಡ್ಡ ಕಾವಲಿಯ ಮೇಲೆ ರವೆ ದೋಸೆ ಹುಯ್ದು, ನೀರು ಚಿಮುಕಿಸಿ, ಕಡ್ಡಿ ಹಿಡಿಯಲ್ಲಿ ಗುಡಿಸಿ, ಅಲ್ಲೇ ಸಾದಾ ದೋಸೆ ಹುಯ್ಯುವುದು ನಮ್ಮ ರೂಢಿ. ಆ ಗುಡಿಸುವಿಕೆ ಕಾವಲಿಯ ಬಿಸಿ ಇಳಿಸುತ್ತದೆಯೇ ಹೊರತು ಗೋಧಿ ತೆಗೆಯುವುದಿಲ್ಲ. ಎಣ್ಣೆ ಸವರುವ ಅರ್ಧ ನೀರುಳ್ಳಿಯೂ ಒಂದು ದೋಸೆಯ ಕಣವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಹಾಗಾಗಿ ಹನ್ನೆರಡು ಇಂಚಿನ ಒಂದು ಮನೆ ಕಾವಲಿ, ಒಂದು ಸಟ್ಟುಗ, ಒಂದು ಸ್ಟೀಲ್ ಬಟ್ಟಲು ಇಷ್ಟನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಬೇರೆ ಇಡಿ. ಇಡ್ಲಿಯನ್ನು ರವೆ ಇಡ್ಲಿಯ ಜೊತೆ ಒಂದೇ ಸ್ಟೀಮರಿನಲ್ಲಿಟ್ಟರೆ ಅಕ್ಕಿ ಇಡ್ಲಿಯ ತಟ್ಟೆ ಮೇಲಿರಲಿ, ಇಲ್ಲವಾದರೆ ಮೇಲಿನ ರವೆಯ ನೀರು ಕೆಳಗೆ ತೊಟ್ಟಿಕ್ಕುತ್ತದೆ.

ಕರಿದದ್ದರ ವಿಷಯದಲ್ಲಿ ರಾಜಿ ಬೇಡ. ಉದ್ದಿನ ವಡೆ ಗೋಧಿಯದಲ್ಲ, ನಿಜ. ಆದರೆ ಅದೇ ಬಾಣಲೆಯಲ್ಲಿ ಬ್ರೆಡ್ ಪಕೋಡ, ಮೈದಾದಲ್ಲಿ ಅದ್ದಿದ ಗೋಬಿ ಮಂಚೂರಿ, ಪೂರಿ ಎಲ್ಲ ಮುಳುಗಿ ಎದ್ದಿರುತ್ತವೆ. ಬೇರೆ ಬಾಣಲೆ ಇಲ್ಲದಿದ್ದರೆ "ಕರಿದದ್ದು ಯಾವುದೂ ಬೇಡ ಸಾರ್, ಎಣ್ಣೆ ಒಂದೇ" ಎಂದು ಹೇಳಿಬಿಡಿ. ಗ್ಲುಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಇಡ್ಲಿ, ಸಣ್ಣ ಕಾವಲಿಯ ನೀರ್ ದೋಸೆ, ಸಾದಾ ಸಾಂಬಾರ್, ಇಂಗಿಲ್ಲದ ಚಟ್ನಿ, ಅನ್ನ, ಮೊಸರು ಕೊಡಬಹುದು. ಆದರೂ "ಗ್ಲುಟೆನ್ ಫ್ರೀ" ಎಂದು ಮೆನುವಿನಲ್ಲಿ ಛಾಪಿಸಬೇಡಿ. ಆ ಮಾತಿಗೆ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ದಾಟಬಾರದೆಂಬ ಅಳತೆ ಇದೆ, ಪರೀಕ್ಷೆ ಮಾಡಿಸದೆ ಅದನ್ನು ಹೇಳುವಂತಿಲ್ಲ. "ಗೋಧಿ ಹಾಕದ ಅಡುಗೆ, ಅದೇ ಅಡುಗೆಮನೆಯಲ್ಲಿ ಗೋಧಿ ಬಳಸುತ್ತೇವೆ" ಎಂದು ಬರೆದರೆ ಸತ್ಯವೂ ಆಯಿತು, ಗಿರಾಕಿ ತಾನೇ ತೀರ್ಮಾನಿಸಲೂ ಆಯಿತು.

ಹಾಲಿನ ವಿಷಯದಲ್ಲಿ ಒಂದು ಎಚ್ಚರ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಲ್ಲಿ ಹಲವರಿಗೆ ತುಪ್ಪ, ಮೊಸರು ಆಗುತ್ತದೆ. ಹಾಲಿನ ಅಲರ್ಜಿ ಇದ್ದವರಿಗೆ ತುಪ್ಪದ ಹನಿಯೂ ಬೇಡ. ಇಡ್ಲಿ ತಟ್ಟೆಗೆ ತುಪ್ಪ ಸವರುವ ಹೋಟೆಲಾದರೆ ಅದೂ ಪಟ್ಟಿಯಲ್ಲಿರಬೇಕು.

ಎಷ್ಟು ಜಾಗ್ರತೆ ವಹಿಸಿದರೂ ಯಾರಿಗಾದರೂ ತುಟಿ–ನಾಲಗೆ ಊದಿದರೆ, ದದ್ದು ಎದ್ದರೆ, ದನಿ ಒಡೆದರೆ, ಉಸಿರು ಕಟ್ಟಿದರೆ ಮೊದಲು 108ಕ್ಕೆ ಕರೆ. ಅವರ ಬಳಿ ಅಡ್ರಿನಲಿನ್ ಇಂಜೆಕ್ಷನ್ ಇದೆಯೇ ಎಂದು ಕೇಳಿ, ಇದ್ದರೆ ತಗೊಳ್ಳಲು ನೆರವಾಗಿ. ಮಲಗಿಸಿ ಕಾಲು ಎತ್ತರಿಸಿ. ಉಸಿರಾಟದ ತೊಂದರೆಯಾದರೆ ಒರಗಿ ಕೂರಿಸಿ. ಎದ್ದು ಬಾಗಿಲವರೆಗೆ ನಡೆಸಬೇಡಿ. ಲಿಂಬೆ ಸೋಡಾ, ಮಜ್ಜಿಗೆ ಕುಡಿಸುವ ಪ್ರಯೋಗ ಬೇಡ. ಅವರು ತಿಂದ ತಟ್ಟೆಯನ್ನು ತೊಳೆಯಲು ಕಳಿಸದೆ ತೆಗೆದಿಡಿ, ವೈದ್ಯರು ಕೇಳುತ್ತಾರೆ.

ಜೈನ್, ಸ್ವಾಮಿನಾರಾಯಣ, ಉಪವಾಸ

ಜೈನ್ ಎಂದರೆ ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಹಸಿ ಶುಂಠಿ ಇಲ್ಲ. ಒಣ ಶುಂಠಿ, ಒಣ ಅರಸಿನ ಆಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದು ಗೊತ್ತಿರುವುದು ಕಡಿಮೆ. ಕಟ್ಟುನಿಟ್ಟಿನವರು ರಾತ್ರಿ ಹುಳಿ ಬರಿಸಿದ ಹಿಟ್ಟು ತಿನ್ನುವುದಿಲ್ಲ, ಅಂದರೆ ನಮ್ಮ ಇಡ್ಲಿ–ದೋಸೆಯೇ ಅವರಿಗಿಲ್ಲ. ಬೇಳೆಯ ಜೊತೆ ಕಾಯಿಸದ ಮೊಸರು ಕೂಡದು, ಹಾಗಾಗಿ ಮೊಸರುವಡೆಯೂ ಹೋಯಿತು. ಅವರಿಗೆ ಅಂದೇ ಕಲಸಿದ ನೀರ್ ದೋಸೆ, ಉಪ್ಪಿಟ್ಟು, ಅಕ್ಕಿ ಶ್ಯಾವಿಗೆ ಹೇಳಬಹುದು. ಮಳೆಗಾಲದ ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿದ್ದಾರೆ, ಪರ್ಯುಷಣದ ಎಂಟು ದಿನ ಹಸಿರು ತರಕಾರಿಯನ್ನೇ ಬಿಡುವವರಿದ್ದಾರೆ. ಆ ದಿನಗಳಲ್ಲಿ ಕೊತ್ತಂಬರಿ ಸೊಪ್ಪನ್ನು ಅಭ್ಯಾಸಬಲದಿಂದ ಉದುರಿಸುವ ಕೈಯನ್ನು ಹಿಡಿದು ನಿಲ್ಲಿಸಬೇಕು. ಸೂರ್ಯಾಸ್ತದೊಳಗೆ ಉಣ್ಣುವವರ ಆರ್ಡರನ್ನು ಮೊದಲು ಕಳಿಸಿ. ಹತ್ತು ನಿಮಿಷ ತಡವಾದರೆ ಅವರು ತಟ್ಟೆ ಮುಟ್ಟದೆ ಏಳುತ್ತಾರೆ.

ಉಪವಾಸದ ಸಾಬುದಾಣಾ ವಡೆಗೆ ಬೇರೆ ಎಣ್ಣೆ, ಬೇರೆ ಝಾರಿ, ಸೈಂಧವ ಉಪ್ಪು. ಸಾಬುದಾಣಾ ಖಿಚಡಿಯಲ್ಲಿ ನೆಲಗಡಲೆ ಪುಡಿ ಧಾರಾಳ ಇರುವುದರಿಂದ, ಆ ಅಲರ್ಜಿ ಇದ್ದವರಿಗೆ ಉಪವಾಸದ ಕೌಂಟರೇ ಅಪಾಯದ ಜಾಗ. ಇದನ್ನು ಕ್ಯಾಪ್ಟನ್‌ಗಳಿಗೆ ಒತ್ತಿ ಹೇಳಿ.

ಸಕ್ಕರೆ ಕಾಯಿಲೆಯವರಿಗೆ ಚಹಾ–ಕಾಫಿಗಿಂತ ದೊಡ್ಡ ಬಲೆ ಸಾಂಬಾರಿನ ಬೆಲ್ಲ ಮತ್ತು ದೋಸೆ ಹಿಟ್ಟಿನ ಸಕ್ಕರೆ. ಕಿಡ್ನಿ ಕಾಯಿಲೆಯವರು ಕೇಳಿದರೆ ಉಪ್ಪು, ಸೋಡಾ, ಹಪ್ಪಳ, ಉಪ್ಪಿನಕಾಯಿ ಎಲ್ಲಿದೆ ಎಂದು ಹೇಳಿ. ಎಳನೀರು ಎಲ್ಲರಿಗೂ ತಂಪೆಂದು ಒತ್ತಾಯಿಸಬೇಡಿ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಬಾಗಿಲಿನಿಂದ ಮೇಜಿನವರೆಗೆ

ಕಿಂಗ್ಸ್ ಸರ್ಕಲ್, ಹಿಂದಮಾತಾದಂಥ ಕಡೆ ಮಳೆನೀರು ಒಳಬಾರದೆಂದು ಅಂಗಡಿಯ ನೆಲ ಎತ್ತರಿಸಿಯೇ ಕಟ್ಟಿರುತ್ತಾರೆ. ಆ ಒಂದೆರಡು ಮೆಟ್ಟಿಲೇ ವೀಲ್‌ಚೇರಿನವರನ್ನು ಹೊರಗೆ ನಿಲ್ಲಿಸುತ್ತದೆ. ಕಟ್ಟಡಗಳ ಪ್ರವೇಶ ಸೌಲಭ್ಯದ ಬಗ್ಗೆ ಕೇಂದ್ರದ 2021ರ ಹಾರ್ಮೊನೈಸ್ಡ್ ಮಾರ್ಗಸೂಚಿ ಹೇಳುವ ಇಳಿಜಾರು 1:12, ಎಂದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. 150 ಮಿಲಿಮೀಟರಿನ ಒಂದು ಮೆಟ್ಟಿಲಿಗೆ 1.8 ಮೀಟರ್, ಎರಡಕ್ಕೆ 3.6 ಮೀಟರ್. ಫುಟ್‌ಪಾತಿನ ಮೇಲೆ ಅಷ್ಟು ಚಾಚಿದರೆ ಪಾಲಿಕೆಯವರು ಕಿತ್ತುಹಾಕುತ್ತಾರೆ, ನಡೆಯುವವರಿಗೂ ಅಡ್ಡ. ದಾರಿ ಎರಡು. ನವೀಕರಣಕ್ಕೆ ಕೈ ಹಾಕಿದಾಗ ಮೆಟ್ಟಿಲನ್ನು ಒಳಕ್ಕೆ ತಳ್ಳಿ, ಇಳಿಜಾರನ್ನು ಅಂಗಡಿಯ ಒಳಗೇ ತರುವುದು. ಒಂದು ಮೇಜಿನ ಜಾಗ ಹೋಗುತ್ತದೆ. ಅಲ್ಲಿಯತನಕ ಮಡಚುವ ರ‍್ಯಾಂಪ್: 900 ಮಿಲಿಮೀಟರ್ ಅಗಲ, ಎರಡೂ ಅಂಚಿಗೆ ಚಕ್ರ ಜಾರದಂತೆ 50 ಮಿಲಿಮೀಟರ್ ಪಟ್ಟಿ, ಕೆಳಗೆ ರಬ್ಬರ್. ಒಂದು ಮೆಟ್ಟಿಲಿಗೆ 1.2 ಮೀಟರಿನದು ಸಾಕಾದರೂ ಅದರ ಇಳಿಜಾರು 1:8, ಸಿಬ್ಬಂದಿ ಹಿಂದಿನಿಂದ ಹಿಡಿಯಲೇಬೇಕು. ಇಳಿಯುವಾಗ ಕುರ್ಚಿಯ ಬೆನ್ನು ಬೀದಿಯ ಕಡೆಗಿರಬೇಕು. ಮುಂದುಮುಖವಾಗಿ ಇಳಿಸಿದರೆ ಕೂತವರು ಮುಗ್ಗರಿಸುತ್ತಾರೆ. ವೆಲ್ಡರ್ ಹತ್ತಿರ ಚೆಕರ್ಡ್ ಪ್ಲೇಟಿನಲ್ಲಿ ಮಾಡಿಸಿದ್ದು ಮಳೆಯಲ್ಲಿ ಜಾರುತ್ತದೆ, ಮೇಲೆ ಒರಟು ಟೇಪು ಅಂಟಿಸಿ.

ಕುರ್ಚಿ ಸಮೇತ ಎತ್ತುವುದು ಕೊನೆಯ ಉಪಾಯ, ಅದೂ ಕೂತವರು ಒಪ್ಪಿದರೆ ಮಾತ್ರ. ಎಲ್ಲಿ ಹಿಡಿಯಬೇಕೆಂದು ಅವರನ್ನೇ ಕೇಳಿ. ಕೈಯಾಸರೆ, ಕಾಲಾಸರೆ ಕಳಚಿಕೊಳ್ಳುವಂಥವು, ಅವನ್ನು ಹಿಡಿದೆತ್ತಿದರೆ ಕೈಗೇ ಬರುತ್ತವೆ. ಬ್ಯಾಟರಿ ಕುರ್ಚಿಯನ್ನು ಎತ್ತುವ ಸಾಹಸ ಬೇಡವೇ ಬೇಡ.

ಒಳಗೆ 900 ಮಿಲಿಮೀಟರ್ ಓಣಿ, ತಿರುಗಲು 1500 ಮಿಲಿಮೀಟರ್ ಬೇಕು. ನೆಲಕ್ಕೆ ಬೋಲ್ಟ್ ಹಾಕಿದ ಮೇಜು, ಬೆಂಚುಗಳ ಸಾಲಿನಲ್ಲಿ ಇದು ಸಿಗುವುದಿಲ್ಲ. ಬಾಗಿಲ ಹತ್ತಿರದ ಎರಡು ಮೇಜುಗಳನ್ನಾದರೂ ಬಿಡಿ ಕುರ್ಚಿಯವಾಗಿ ಮಾಡಿ. ನಡುಗಂಬದ ಮೇಜಿನ ಅಡಿಪಾಯಕ್ಕೆ ವೀಲ್‌ಚೇರಿನ ಕಾಲಾಸರೆ ತಾಗುತ್ತದೆ, ನಾಲ್ಕು ಕಾಲಿನದೇ ಒಳ್ಳೆಯದು, ಅಡಿಯಲ್ಲಿ 700 ಮಿಲಿಮೀಟರ್ ಖಾಲಿ. ಎ.ಸಿ. ಹಾಲ್ ಮೇಲಿನ ಮಾಳಿಗೆಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ, ಮೇಲಿನ ಮೆನುವಿನ ಐಟಮುಗಳನ್ನು ಕೆಳಗೇ ಕೊಡಿ, ಕೆಳಗಿನ ದರಕ್ಕೇ. ಕೈ ತೊಳೆಯುವ ಬೇಸಿನ್ ಎತ್ತರದಲ್ಲಿದ್ದರೆ ಬಿಸಿನೀರಿನ ಬಟ್ಟಲು ಮೇಜಿಗೇ ಬರಲಿ.

ಶೌಚಾಲಯಕ್ಕೆ ಸುಮಾರು 2.2 ಮೀಟರ್ ಉದ್ದ, 2 ಮೀಟರ್ ಅಗಲ, ಹೊರಗೆ ತೆರೆಯುವ ಬಾಗಿಲು, 450ರಿಂದ 480 ಮಿಲಿಮೀಟರ್ ಎತ್ತರದ ಆಸನ, ಹಿಡಿಕಂಬಿ ಬೇಕು. ಮುಂಬಯಿಯ ಹಳೆಯ ಅಂಗಡಿ ಗಾಳೆಗಳಲ್ಲಿ ಇಷ್ಟು ಜಾಗ ಕಷ್ಟ. ಇಲ್ಲದಿದ್ದರೆ ಇಲ್ಲವೆಂದು ಮೊದಲೇ ಹೇಳಿ, ಹತ್ತಿರದ ಮಾಲು ಅಥವಾ ಆಸ್ಪತ್ರೆಯಲ್ಲಿ ಎಲ್ಲಿದೆ ಎಂದು ತಿಳಿದಿಟ್ಟುಕೊಳ್ಳಿ. ಇದ್ದ ಕಡೆ ಅದರೊಳಗೆ ಬಕೆಟ್ಟು, ಪೊರಕೆ, ಖಾಲಿ ಎಣ್ಣೆ ಡಬ್ಬ ತುಂಬಿಡುವುದನ್ನು ಇಂದೇ ನಿಲ್ಲಿಸಿ.

ಕಾನೂನು ಏನನ್ನುತ್ತದೆ ಎಂದು ಕೇಳುವವರಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಖಾಸಗಿ ಸೇವೆಗಳಿಗೂ ಅನ್ವಯಿಸುತ್ತದೆ. ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ.

ಕಾಣದವರಿಗೆ, ಕೇಳಿಸದವರಿಗೆ, ಕೈ ನಡುಗುವವರಿಗೆ

ದೃಷ್ಟಿ ಇಲ್ಲದ ಗಿರಾಕಿ ಬಂದರೆ ಅವರ ಕೈ ಅಥವಾ ಕೋಲು ಹಿಡಿದೆಳೆಯಬೇಡಿ. ನಿಮ್ಮ ಮೊಣಕೈ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಿರಿ, ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ. ಕುರ್ಚಿಯ ಬೆನ್ನಿನ ಮೇಲೆ ಅವರ ಕೈ ಇರಿಸಿದರೆ ತಾವೇ ಕೂರುತ್ತಾರೆ. ಮೆನು ಓದುವಾಗ ಮೊದಲು ವಿಭಾಗಗಳನ್ನು ಹೇಳಿ, ಅವರು ಕೇಳಿದ ವಿಭಾಗವನ್ನು ಮಾತ್ರ ದರದ ಸಮೇತ ಓದಿ. ಜೊತೆಗೆ ಬಂದವರನ್ನು "ಇವರಿಗೇನು ಬೇಕು?" ಎಂದು ಕೇಳುವುದು ಅವಮಾನ. ಉಣ್ಣುವವರು ಅವರು, ಪ್ರಶ್ನೆಯೂ ಅವರಿಗೇ.

ತಟ್ಟೆಯಲ್ಲಿ ಏನು ಎಲ್ಲಿದೆ ಎಂಬುದನ್ನು ಗಡಿಯಾರದ ಲೆಕ್ಕದಲ್ಲಿ ಹೇಳಿ: ಹನ್ನೆರಡಕ್ಕೆ ಚಟ್ನಿ, ಮೂರಕ್ಕೆ ಸಾಂಬಾರ್ ವಾಟಿ, ಆರಕ್ಕೆ ಇಡ್ಲಿ. ಬಾಳೆಎಲೆಯ ಊಟದಲ್ಲಿ ಇದು ಇನ್ನೂ ಸುಲಭ, ಕ್ರಮ ಮೊದಲೇ ನಿಶ್ಚಯವಾಗಿದೆ. ತುದಿ ಎಡಕ್ಕೆ, ಎಡ ಮೇಲ್ಮೂಲೆಯಲ್ಲಿ ಉಪ್ಪು, ಅಲ್ಲಿಂದ ಬಲಕ್ಕೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಬಡಿಸುವವರು ಗಡಿಬಿಡಿಯಲ್ಲಿ ಕ್ರಮ ತಪ್ಪಿಸದಿದ್ದರೆ ಸಾಕು. ಸಾರು ಬಡಿಸುವಾಗ "ಸಾರು, ಬಿಸಿ ಇದೆ" ಎಂದು ಹೇಳಿಯೇ ಸುರಿಯಿರಿ. ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, ಎಲ್ಲಿಟ್ಟಿರಿ ಎಂದು ಹೇಳಿ.

ಕ್ಯೂಆರ್ ಮೆನು ಮಾಡಿಸಿದ್ದರೆ ಅದು ಫೋಟೋ ಆಗಿರಬಾರದು. ಕಾರ್ಡಿನ ಚಿತ್ರ ತೆಗೆದು ಹಾಕಿದ ಮೆನುವನ್ನು ಫೋನಿನ ಪರದೆಯನ್ನು ದನಿಯಲ್ಲಿ ಓದಿ ಹೇಳುವ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಸರಿಯಾಗಿ ಓದಲಾರವು. ಅಕ್ಷರಗಳಲ್ಲೇ ಟೈಪ್ ಮಾಡಿದ ಪುಟ ಬೇಕು, ದರ ಐಟಮಿನ ಪಕ್ಕದಲ್ಲೇ ಇರಬೇಕು. ಬ್ರೈಲ್ ಮೆನು ಬೇಕಾದರೆ 1952ರಲ್ಲಿ ಶುರುವಾದ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ವರ್ಲಿಯಲ್ಲಿದೆ, ಅಲ್ಲಿ ವಿಚಾರಿಸಿ. ದರ ಬದಲಾದಾಗಲೆಲ್ಲ ಮತ್ತೆ ಮಾಡಿಸುವಂತಾಗದಿರಲು ದರದ ಹಾಳೆಯನ್ನು ಬೇರೆಯಾಗಿಡಿ. ಹಣ ಕೊಡುವಾಗ ಕೀಲಿಗಳಿಲ್ಲದ, ಬರೀ ಗಾಜಿನ ಪರದೆಯ ಕಾರ್ಡ್ ಮೆಷಿನ್ ಅವರಿಗೆ ಕಷ್ಟ. ಯುಪಿಐ ಸ್ಟ್ಯಾಂಡನ್ನು ಮೇಜಿಗೆ ತಂದು, ಸೌಂಡ್ ಬಾಕ್ಸಿನ ದನಿ ಕೇಳುವ ಹಾಗಿದ್ದರೆ ಒಳ್ಳೆಯದು. ಚಿಲ್ಲರೆ ಕೊಡುವಾಗ ಒಂದೊಂದೇ ನೋಟು ಹೇಳಿ ಕೈಗಿಡಿ.

ಕಿವಿ ಕೇಳಿಸದವರಿಗೆ ದನಿ ಏರಿಸಿದರೆ ಉಪಯೋಗವಿಲ್ಲ. ಮುಖ ಕಾಣುವಂತೆ ನಿಂತು, ಮೆನು ಮೇಲೆ ಬೆರಳಿಟ್ಟು ತೋರಿಸಿ, ಸಣ್ಣ ಪ್ಯಾಡು–ಪೆನ್ನು ಕೊಡಿ. ಸೆಲ್ಫ್ ಸರ್ವಿಸ್ ಕೌಂಟರಿನಲ್ಲಿ ಟೋಕನ್ ನಂಬರು ಕೂಗಿ ಸುಮ್ಮನಾಗುವುದು ಇವರ ಮಟ್ಟಿಗೆ ಬಾಗಿಲು ಹಾಕಿದ ಹಾಗೆ, ನಂಬರಿನ ಡಿಸ್‌ಪ್ಲೇ ಇರಲಿ ಅಥವಾ ಹುಡುಗ ತಂದುಕೊಡಲಿ. ಪವಾಯಿಯಲ್ಲಿ 2015ರಲ್ಲಿ ಶುರುವಾದ ಮಿರ್ಚಿ ಆ್ಯಂಡ್ ಮೈಮ್ ಹೋಟೆಲಿನಲ್ಲಿ ಬಡಿಸುವವರೇ ಕಿವಿ ಕೇಳಿಸದವರಾಗಿದ್ದರು. ಮೆನುವಿನಲ್ಲಿ ಪ್ರತಿ ಐಟಮಿನ ಪಕ್ಕ ಸನ್ನೆಯ ಚಿತ್ರ ಹಾಕಿ, ಗಿರಾಕಿಗಳೇ ಸನ್ನೆಯಲ್ಲಿ ಆರ್ಡರ್ ಕೊಡುವಂತೆ ಮಾಡಿದ್ದರು. ನೀರು, ಬಿಸಿ, ಖಾರ, ಬಿಲ್ಲು, ಧನ್ಯವಾದ ಈ ಐದು ಸನ್ನೆಗಳನ್ನಾದರೂ ನಮ್ಮ ಹುಡುಗರು ಕಲಿಯಬಹುದು. ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ ಮಾತು–ಕಿವಿಯ ತೊಂದರೆ ಇರುವವರಿಗಾಗಿಯೇ ಇರುವ ರಾಷ್ಟ್ರೀಯ ಸಂಸ್ಥೆ.

ಕೈ ನಡುಗುವವರಿಗೆ ಅಂಚಿನವರೆಗೆ ತುಂಬಿದ ಸ್ಟೀಲ್ ಲೋಟದ ಕಾಫಿ ಸುಡುವ ಅಪಾಯ. ಹಿಡಿಯಿರುವ ಮಗ್ಗಿನಲ್ಲಿ ಅರ್ಧ ಮಾತ್ರ ಹಾಕಿ, ಉಳಿದದ್ದನ್ನು ಆಮೇಲೆ ಕೊಡಿ. ಮಸಾಲೆ ದೋಸೆಯನ್ನು ಅಡುಗೆಮನೆಯಲ್ಲೇ ನಾಲ್ಕು ತುಂಡು ಮಾಡಿ, ಆದರೆ ಕೇಳಿ ಮಾಡಿ. ಅಂಚು ಎತ್ತರದ ತಟ್ಟೆಯಾದರೆ ಸ್ಪೂನಿಗೆ ಸಿಗುತ್ತದೆ.

ಆಟಿಸಂ ಇರುವ ಮಕ್ಕಳು ಬಂದಾಗ ಸ್ಟೀಲ್ ತಟ್ಟೆ ರಾಶಿ ಹಾಕುವ ಸದ್ದು, ಎಗ್ಸಾಸ್ಟ್ ಫ್ಯಾನು, ಕ್ಲೀನರ್ ಟ್ರಾಲಿ ಇವುಗಳಿಂದ ದೂರದ ಮೇಜು ಕೊಡಿ. ಸಾಂಬಾರನ್ನು ಇಡ್ಲಿಯ ಮೇಲೆ ಸುರಿಯದೆ ವಾಟಿಯಲ್ಲೇ ಕೊಡಿ, ಒಂದಕ್ಕೊಂದು ತಾಗಿದರೆ ಊಟ ಬಿಡುವ ಮಕ್ಕಳಿದ್ದಾರೆ. ಇವರಿಗಾಗಲಿ, ನಿಧಾನವಾಗಿ ಉಣ್ಣುವ ಇನ್ನಾರಿಗಾಗಲಿ, ತಟ್ಟೆ ಮುಗಿಯುವ ಮುನ್ನ ಬಿಲ್ಲು ತಂದಿಡಬೇಡಿ. ಮುಂಬಯಿಯ ಊಟದ ಹೊತ್ತಿನಲ್ಲಿ ಬಾಗಿಲಲ್ಲಿ ಕ್ಯೂ ಇರುತ್ತದೆ, ಮೇಜು ಬೇಗ ಖಾಲಿಯಾಗಬೇಕೆಂಬ ಒತ್ತಡ ಎಲ್ಲರಿಗೂ ಅರ್ಥವಾಗುತ್ತದೆ. ಆದರೂ ಆ ಇಪ್ಪತ್ತು ನಿಮಿಷ ಬಿಟ್ಟುಕೊಡಲೇಬೇಕು.

ಫೋನಿನಲ್ಲಿ ಏನು ಹೇಳಬೇಕು

ಇಂಥ ಗಿರಾಕಿಗಳು ಮೊದಲೇ ಫೋನ್ ಮಾಡಿ ವಿಚಾರಿಸುತ್ತಾರೆ. ಗಲ್ಲಾದಲ್ಲಿ ಕೂತವರು "ಬನ್ನಿ ಬನ್ನಿ, ಎಲ್ಲ ಇದೆ" ಎನ್ನುವುದು ಬೇಡ. ಒಂದು ಚೀಟಿಯಲ್ಲಿ ಬರೆದಿಡಿ: ಬಾಗಿಲಿಗೆ ಎಷ್ಟು ಮೆಟ್ಟಿಲು, ಒಂದೊಂದು ಎಷ್ಟು ಇಂಚು, ರ‍್ಯಾಂಪ್ ಇದೆಯೇ, ಬಾಗಿಲ ಅಗಲ ಎಷ್ಟು, ಟ್ಯಾಕ್ಸಿ ಎಲ್ಲಿವರೆಗೆ ಬರುತ್ತದೆ, ಶೌಚಾಲಯಕ್ಕೆ ಕುರ್ಚಿ ಹೋಗುತ್ತದೆಯೇ, ಕಡಿಮೆ ಗದ್ದಲದ ಹೊತ್ತು ಯಾವುದು, ಸಾದಾ ಸಾಂಬಾರ್ ಎಷ್ಟು ಗಂಟೆವರೆಗೆ ಸಿಗುತ್ತದೆ. ಬಾಗಿಲು, ಮೆಟ್ಟಿಲು, ಒಂದು ಮೇಜಿನ ಫೋಟೋ ತೆಗೆದು ವಾಟ್ಸ್ಆ್ಯಪಿನಲ್ಲಿ ಕಳಿಸಲು ಸಿದ್ಧವಾಗಿಡಿ. ಕಿವಿ ಕೇಳಿಸದವರಿಗೆ ವಿಚಾರಿಸಲು ಇರುವ ದಾರಿಯೂ ಅದೇ ವಾಟ್ಸ್ಆ್ಯಪ್.

ಪಾರ್ಸೆಲ್ ಆರ್ಡರಿನಲ್ಲಿ ಅಲರ್ಜಿಯ ಸೂಚನೆ ಆ್ಯಪಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ಬಿಲ್ ಪ್ರಿಂಟ್ ಆದ ಕೂಡಲೇ ಅದಕ್ಕೆ ಕೆಂಪು ಗೆರೆ ಎಳೆಯುವ ಕೆಲಸ ಒಬ್ಬರದೇ ಆಗಿರಲಿ. ಸಾದಾ ಸಾಂಬಾರಿನ ಪೊಟ್ಟಣಕ್ಕೆ ಹಸಿರು ಸ್ಟಿಕ್ಕರ್ ಅಂಟಿಸಿ, ಅದನ್ನು ಬೇರೆ ಚೀಲದಲ್ಲಿ ಹಾಕಿ. ಮಾಡಲು ಆಗದ ಆರ್ಡರಾದರೆ ಸ್ವೀಕರಿಸಿ ಅಂದಾಜಿನಲ್ಲಿ ಕಳಿಸದೆ, ಗಿರಾಕಿಗೆ ಫೋನ್ ಮಾಡಿ "ಇದು ನಮ್ಮಲ್ಲಿ ಸುರಕ್ಷಿತವಾಗಿ ಆಗುವುದಿಲ್ಲ, ಬದಲಿಗೆ ಇಡ್ಲಿ ಕಳಿಸಲೇ?" ಎಂದು ಕೇಳಿ.